ಕಾರು ಎರಡು ಗಂಟೆ, ಹಾಡು ಮೂರು ದಿನ

ರೇಸಿಗೆ ಬಂದವರಿಗೆ ಹಾಡು, ಹಾಡಿಗೆ ಬಂದವರಿಗೆ ರೇಸು. ಎರಡನ್ನೂ ಒಂದೇ ಟಿಕೆಟಿಗೆ ಕಟ್ಟಿ ಮಾರುವ ವ್ಯಾಪಾರಕ್ಕೆ ಈಗ ಅರ್ಧ ಶತಮಾನ. ಗೇಟು ತುಂಬಿದೆ, ಗಲ್ಲಾಪೆಟ್ಟಿಗೆ ತುಂಬಿದೆ. ಹೆಲ್ಮೆಟ್ ತೊಟ್ಟವರ ಮುಖ ಮಾತ್ರ ಗಂಟಿಕ್ಕಿದೆ!

ಲಾಸ್ ಏಂಜಲೀಸಿನ ಕೊಲಿಸಿಯಂ ಕ್ರೀಡಾಂಗಣ. 2022ರ ಫೆಬ್ರುವರಿ 6. ಎಪ್ಪತ್ತೈದನೆಯ ಸುತ್ತು ಮುಗಿಯಿತು, ಕಾರುಗಳು ನಿಂತವು.

ಡಿಕ್ಕಿಯಾಗಿರಲಿಲ್ಲ. ಮಳೆ ಬಂದಿರಲಿಲ್ಲ. ಯಾವ ಕಾರಿನಿಂದಲೂ ಆಯಿಲ್ ಸೋರಿರಲಿಲ್ಲ. ಅದೇ ಊರಿನ ರ‍್ಯಾಪ್ ಗಾಯಕ ಐಸ್ ಕ್ಯೂಬ್ ಹಾಡಬೇಕಿತ್ತು, ಅಷ್ಟೇ.

150 ಸುತ್ತಿನ ಪಂದ್ಯ. ಅರ್ಧ ಓಟ ಆಗಿತ್ತು, ಉಳಿದರ್ಧ ಹಾಡು ಮುಗಿದ ಮೇಲೆ. ಓಟ ಶುರುವಾಗುವ ಮೊದಲೇ ಪಿಟ್‌ಬುಲ್ ಎಂಬ ಗಾಯಕ ಒಂದು ಸುತ್ತು ಕುಣಿಸಿ ಹೋಗಿದ್ದ. ಚಾಲಕರು ಕಾದರು. ಜನ ಕುಣಿದರು. ಆಮೇಲೆ ಮತ್ತೆ ಎಂಜಿನ್ ಗುಡುಗಿ, ಜೋಯಿ ಲೊಗಾನೊ ಗೆದ್ದ.

ಆ ಜಾಗವಾದರೂ ಎಂಥದು? 1932 ಮತ್ತು 1984ರ ಒಲಿಂಪಿಕ್ಸ್ ನಡೆದ ಅಂಗಳ. ಅಮೆರಿಕನ್ ಫುಟ್‌ಬಾಲ್ ಆಡುವ ಹುಲ್ಲನ್ನು ಮುಚ್ಚಿ, ಅದರ ಮೇಲೆ ಕಾಲು ಮೈಲಿಯ ಡಾಂಬರು ಹಾಸಿ, ಅಮೆರಿಕದ ರೇಸ್ ಸಂಸ್ಥೆ ನಾಸ್ಕಾರ್‌ನ ಒಂದೂವರೆ ಟನ್ನಿನ ಕಾರುಗಳನ್ನು ಅದರೊಳಗೆ ಬಿಟ್ಟಿದ್ದರು. ಟಿಕೆಟ್ ಕೊಂಡವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ನಾಸ್ಕಾರ್‌ಗೆ ಹೊಸಬರು ಎಂದು ಸಂಸ್ಥೆ ಹೆಮ್ಮೆಯಿಂದ ಹೇಳಿಕೊಂಡಿತು. ದಕ್ಷಿಣದ ರಾಜ್ಯಗಳ ನಡುವಯಸ್ಸಿನ ಬಿಳಿಯರ ಆಟವೆಂದು ಹೆಸರಾದ ಪಂದ್ಯಕ್ಕೆ ಇದು ಸಣ್ಣ ಸುದ್ದಿಯಲ್ಲ.

ಇತ್ತ ನಮ್ಮಲ್ಲೂ ಗಾಳಿ ಹಾಗೇ ಬೀಸುತ್ತಿದೆ. 2025ರಲ್ಲಿ ಬ್ರಾಡ್ ಪಿಟ್ ಫಾರ್ಮುಲಾ ಒನ್ ಚಾಲಕನ ವೇಷದಲ್ಲಿ ಹೆಲ್ಮೆಟ್ ಹಾಕಿಕೊಂಡು ಮಲ್ಟಿಪ್ಲೆಕ್ಸ್‌ಗಳಿಗೆ ಬಂದ. ಅದೇ ವರ್ಷ ಕಿಚ್ಚ ಸುದೀಪ್ ಇಂಡಿಯನ್ ರೇಸಿಂಗ್ ಲೀಗಿನ ಬೆಂಗಳೂರು ತಂಡದ ಒಡೆಯರಾದರು. ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದವರ ಮೊಬೈಲಿನಲ್ಲೂ ಈಗ ರೇಸ್ ಕಾರಿನ ರೀಲ್ಸ್. ಸಿನಿಮಾ, ಹಾಡು, ತಾರೆಗಳನ್ನು ಮುಂದೆ ಬಿಟ್ಟು ಹಿಂದಿನಿಂದ ರೇಸನ್ನು ಮಾರುವ ಈ ಉಪಾಯ ಎಲ್ಲಿಂದ ಬಂತು? ಫಲಿಸುತ್ತದೆಯೇ?

ರಾಕ್ ಸಂಗೀತದ ಗುತ್ತಿಗೆದಾರ ತಂದ ಮಣ್ಣು

ವಿಚಿತ್ರವೆಂದರೆ, ಕಥೆ ಶುರುವಾಗುವುದೂ ಅದೇ ಕೊಲಿಸಿಯಂನಲ್ಲಿ. ಐಸ್ ಕ್ಯೂಬ್ ಹಾಡುವುದಕ್ಕೆ ಸುಮಾರು ಐವತ್ತು ವರ್ಷ ಹಿಂದೆ, 1972ರ ಜುಲೈ 8ರಂದು.

ಮೈಕ್ ಗುಡ್ವಿನ್ ರಾಕ್ ಸಂಗೀತ ಕಛೇರಿಗಳನ್ನು ಏರ್ಪಡಿಸುತ್ತಿದ್ದ ಆಸಾಮಿ. ಆಗ ಮೋಟೊಕ್ರಾಸ್ ಎಂದರೆ ಊರಾಚೆಯ ಗುಡ್ಡದಲ್ಲಿ ಬೈಕು ಹಾರಿಸುವ ಆಟ. ನೋಡುವವರು ಧೂಳು ಕುಡಿಯುತ್ತ ಬೇಲಿಗೆ ಆತುಕೊಂಡು ನಿಲ್ಲಬೇಕು. ಗುಡ್ವಿನ್‌ಗೆ ಹೊಳೆದದ್ದು ಸರಳ ಸಂಗತಿ. ಜನರನ್ನು ಗುಡ್ಡಕ್ಕೆ ಕರೆದೊಯ್ಯುವ ಬದಲು ಗುಡ್ಡವನ್ನೇ ಜನರಿದ್ದಲ್ಲಿಗೆ ತಂದರೆ? ಲೋಡುಗಟ್ಟಲೆ ಮಣ್ಣು ತಂದು ಕ್ರೀಡಾಂಗಣದೊಳಗೆ ದಿಬ್ಬ ಕಟ್ಟಿಸಿದ. ರಾಕ್ ಕಛೇರಿಗೆ ಮಾಡುವಂತೆಯೇ ಪ್ರಚಾರ ಮಾಡಿಸಿದ. ಸಂಜೆ ದೀಪ ಹಾಕಿಸಿದ. ಗೆದ್ದವನು ಮಾರ್ಟಿ ಟ್ರೈಪ್ಸ್, ಹದಿನಾರರ ಹುಡುಗ.

ಆ ರಾತ್ರಿಯ ಮಗುವೇ ಸೂಪರ್‌ಕ್ರಾಸ್. ಇವತ್ತು ಅಮೆರಿಕದ ಕ್ರೀಡಾಂಗಣಗಳನ್ನು ತುಂಬಿಸುವ ಆ ಆಟ 2024ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನ ಚಿಕ್ಕಜಾಲದ ಮೈದಾನಕ್ಕೂ ಬಂದಿತ್ತು. ಗುಡ್ವಿನ್ ಮಾತ್ರ ಕೆಟ್ಟ. ಒಂದು ಕಾಲದ ಪಾಲುದಾರ, ರೇಸ್ ದಿಗ್ಗಜ ಮಿಕಿ ಥಾಂಪ್ಸನ್ ಮತ್ತು ಆತನ ಹೆಂಡತಿಯ 1988ರ ಕೊಲೆಯ ಹಿಂದೆ ಇದ್ದವನು ಈತನೇ ಎಂದು 2007ರಲ್ಲಿ ನ್ಯಾಯಾಲಯ ತೀರ್ಪಿತ್ತು, ಜೀವಾವಧಿ ಶಿಕ್ಷೆಯಾಯಿತು. ಇದೂ ಒಂದು ಸಿನಿಮಾಕ್ಕೆ ಸಾಕು.

ಗುಡ್ವಿನ್ ಕ್ರೀಡಾಂಗಣಕ್ಕೆ ರೇಸ್ ತಂದರೆ, ರೇಸ್ ಟ್ರ್ಯಾಕಿಗೆ ಸರ್ಕಸ್ ತಂದವರು ಹಂಪಿ ವೀಲರ್. ನಮ್ಮ ಹಂಪಿಗೂ ಈ ಹೆಸರಿಗೂ ನಂಟಿಲ್ಲ! ನಾರ್ತ್ ಕ್ಯಾರೊಲಿನಾದ ಷಾರ್ಲಟ್ ಟ್ರ್ಯಾಕನ್ನು ದಶಕಗಳ ಕಾಲ ನಡೆಸಿದ ಈ ಮನುಷ್ಯ ಓಟಕ್ಕೆ ಮುಂಚೆ ನಿಜವಾದ ಸರ್ಕಸ್ ಆಡಿಸಿದ. ಶಾಲಾ ಬಸ್ಸು ಹಾರಿಸಿದ. 1984ರಲ್ಲಿ, ಅಮೆರಿಕ ಗ್ರೆನಾಡಾ ದ್ವೀಪಕ್ಕೆ ಸೈನ್ಯ ನುಗ್ಗಿಸಿ ವರ್ಷ ತುಂಬುವ ಮೊದಲೇ, ಆ ಆಕ್ರಮಣದ ಅಣಕು ಪ್ರದರ್ಶನವನ್ನೇ ಟ್ರ್ಯಾಕಿನ ನಡುವೆ ಮಾಡಿಸಿಬಿಟ್ಟ. ಅಭಿರುಚಿಯ ಮಾತು ಬೇರೆ, ಜನ ಬಂದರು.

ಆದರೆ ವೀಲರ್ ಬಿಟ್ಟುಹೋದ ದೊಡ್ಡ ಆಸ್ತಿ ಸರ್ಕಸ್ ಅಲ್ಲ, ಬೆಳಕು. 1992ರ ಮೇ ತಿಂಗಳಲ್ಲಿ ಒಂದೂವರೆ ಮೈಲಿಯ ಆ ಟ್ರ್ಯಾಕಿಗೆ ಪೂರ್ತಿ ದೀಪ ಹಾಕಿಸಿ ರಾತ್ರಿ ಪಂದ್ಯ ಓಡಿಸಿದ. ಕೊನೆಯ ಗೆರೆ ದಾಟುತ್ತಲೇ ಗೆದ್ದ ಡೇವಿ ಆಲಿಸನ್‌ನ ಕಾರು ಗೋಡೆಗೆ ಬಡಿಯಿತು. ವಿಜೇತ ವೇದಿಕೆಗೆ ಹೋಗಲಿಲ್ಲ, ಆಸ್ಪತ್ರೆಗೆ ಹೋದ. ಹಗಲಿನ ಪಂದ್ಯ ಕ್ರೀಡಾಪುಟದ ಸುದ್ದಿ, ರಾತ್ರಿಯ ಪಂದ್ಯ ಊರಿನ ಜಾತ್ರೆ ಎಂಬುದು ಎಲ್ಲರಿಗೂ ಅಂದು ಗೊತ್ತಾಯಿತು. ಫಾರ್ಮುಲಾ ಒನ್ ಅದನ್ನು ಕಲಿಯಲು ಇನ್ನೂ ಹದಿನಾರು ವರ್ಷ ತೆಗೆದುಕೊಂಡಿತು.

ಕೂತವರಿಗೆ ಕಾಣುವುದೆಷ್ಟು?

ಇಷ್ಟಕ್ಕೂ ರೇಸಿಗೆ ಹಾಡು ಯಾಕೆ ಬೇಕು? ಕ್ರಿಕೆಟ್ಟಿಗೆ ಚಿಯರ್ ಹುಡುಗಿಯರು ಒಗ್ಗರಣೆ, ಅವರಿಲ್ಲದೆಯೂ ಆಟ ನಡೆಯುತ್ತದೆ. ಮೋಟಾರು ರೇಸಿಗೆ ಮನರಂಜನೆ ಅಷ್ಟು ಮೇಲುಮೇಲಿನ ಸಂಗತಿಯಲ್ಲ ಎಂಬುದು ನನ್ನ ವಾದ. ಲೆಕ್ಕ ನೋಡಿ.

ಲಾಸ್ ವೇಗಸ್ ಸರ್ಕ್ಯೂಟಿನ ಒಂದು ಸುತ್ತು 6.2 ಕಿಲೋಮೀಟರ್. ಪಂದ್ಯ 50 ಸುತ್ತು. ನಿಮ್ಮ ಸೀಟಿನಿಂದ ಮುನ್ನೂರು ಮೀಟರ್ ರಸ್ತೆ ಕಾಣುತ್ತದೆ ಎಂದುಕೊಳ್ಳಿ, ಅದೇ ಭಾಗ್ಯ. ಗಂಟೆಗೆ 300 ಕಿಲೋಮೀಟರ್ ವೇಗದ ಕಾರು ಅಷ್ಟು ದೂರವನ್ನು ನಾಲ್ಕು ಸೆಕೆಂಡಿನೊಳಗೆ ದಾಟುತ್ತದೆ. ಐವತ್ತು ಸಲ ಗುಣಿಸಿ. ನಿಮ್ಮ ನೆಚ್ಚಿನ ಚಾಲಕ ಇಡೀ ಪಂದ್ಯದಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಮೂರೇ ನಿಮಿಷ! ಯಾರು ಮುಂದೆ, ಯಾರು ಹಿಂದೆ, ಯಾಕೆ ಒಬ್ಬ ಟೈರ್ ಬದಲಿಸಿದ ಎಂಬುದೆಲ್ಲ ಮನೆಯಲ್ಲಿ ಟಿವಿ ಮುಂದೆ ಕೂತವನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವನು ಟಿಕೆಟನ್ನೂ ಕೊಂಡಿಲ್ಲ.

ಕರಾವಳಿಯ ಕಂಬಳದಲ್ಲಿ ಈ ತಾಪತ್ರಯವಿಲ್ಲ. ನೂರೈವತ್ತು ಮೀಟರಿನ ಆಸುಪಾಸಿನ ಕರೆ, ಅಂದರೆ ಕೆಸರಿನ ಓಟದ ಹಾದಿ. ಗದ್ದೆಯಂಚಿನಲ್ಲಿ ನಿಂತವನಿಗೆ ಕೋಣ ಹೊರಟದ್ದರಿಂದ ಕರೆಯ ಕೊನೆಯ ಮಂಜೊಟ್ಟಿ ಏರುವವರೆಗೂ ಪೂರಾ ಓಟ ಕಾಣುತ್ತದೆ. ಅಲ್ಲಿ ಹಾಡು ಬೇಕಿಲ್ಲ. ಆದರೂ 2023ರ ನವೆಂಬರಿನಲ್ಲಿ ಕಂಬಳ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸಿನಿಮಾ ತಾರೆಯರು, ಸಾಂಸ್ಕೃತಿಕ ಕಾರ್ಯಕ್ರಮ, ಕರಾವಳಿಯ ತಿಂಡಿ ಮಳಿಗೆಗಳು ಜೊತೆಗೇ ಬಂದವು. ರಾಜಧಾನಿಯ ಗಾಳಿಯೇ ಹಾಗೆ.

ಇನ್ನೊಂದು ಕಾರಣ ದುಡ್ಡಿನದು. ಫಾರ್ಮುಲಾ ಒನ್ ಪಂದ್ಯವನ್ನು ತನ್ನ ಊರಿಗೆ ತರಲು ಸ್ಥಳೀಯ ಸಂಘಟಕ ಪ್ರತಿ ವರ್ಷ ಕೋಟ್ಯಂತರ ಡಾಲರ್ ಆತಿಥ್ಯ ಶುಲ್ಕ ಕಟ್ಟಬೇಕು. ಟಿವಿ ಹಕ್ಕಿನ ಹಣ ಅವನಿಗಿಲ್ಲ. ಟ್ರ್ಯಾಕಿನ ಬದಿಯ ದೊಡ್ಡ ಜಾಹೀರಾತುಗಳ ಹಣವೂ ಸಾಮಾನ್ಯವಾಗಿ ಫಾರ್ಮುಲಾ ಒನ್‌ಗೇ ಹೋಗುತ್ತದೆ. ಅವನ ಪಾಲಿಗೆ ಉಳಿಯುವುದು ಮುಖ್ಯವಾಗಿ ಟಿಕೆಟ್. ಎರಡು ಗಂಟೆಯ ಓಟಕ್ಕೆ ಮೂರು ದಿನದ ಟಿಕೆಟ್ ಮಾರಬೇಕಾದವನು ಗಾಯಕರ ಬಾಗಿಲು ತಟ್ಟದೆ ಇನ್ನೇನು ಮಾಡಿಯಾನು?

ಸೆನ್ನಾ ವೇದಿಕೆ ಹತ್ತಿದ ರಾತ್ರಿ

ಈ ಬೆಸುಗೆ ಎಷ್ಟು ಚೆನ್ನಾಗಿ ಕೂಡಿಕೊಳ್ಳಬಲ್ಲದು ಎಂಬುದಕ್ಕೆ ಅಡಿಲೇಡಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

1985ರಿಂದ 1995ರವರೆಗೆ ಆಸ್ಟ್ರೇಲಿಯಾದ ಗ್ರ್ಯಾನ್ ಪ್ರಿ ನಡೆದದ್ದು ಆ ಊರಿನ ಬೀದಿಗಳಲ್ಲಿ. ಋತುವಿನ ಕೊನೆಯ ಪಂದ್ಯ, ಮೇಲಾಗಿ ಪಂದ್ಯ ಮುಗಿದ ಮೇಲೆ ಸಂಗೀತ. ತಂಡಗಳಿಗೂ ಅದು ವರ್ಷದ ಬಿಡುಗಡೆಯ ರಾತ್ರಿ.

1993ರ ನವೆಂಬರ್ 7. ಐರ್ಟನ್ ಸೆನ್ನಾ ಗೆದ್ದ. ಮೆಕ್ಲಾರೆನ್ ತಂಡಕ್ಕೆ ಅದು ಅವನ ಕೊನೆಯ ಓಟ. ಎರಡನೆಯವನಾಗಿ ಬಂದ ಅಲೆನ್ ಪ್ರೊಸ್ಟ್‌ಗೆ ಬದುಕಿನ ಕೊನೆಯ ಗ್ರ್ಯಾನ್ ಪ್ರಿ. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದಷ್ಟು ಹಗೆ ಸಾಧಿಸಿದ್ದವರು. ವಿಜಯವೇದಿಕೆಯಲ್ಲಿ ಸೆನ್ನಾ ಕೈಚಾಚಿ ಪ್ರೊಸ್ಟ್‌ನನ್ನು ತನ್ನ ಮೆಟ್ಟಿಲಿಗೆ ಎಳೆದುಕೊಂಡ.

ರಾತ್ರಿ ಟೀನಾ ಟರ್ನರ್ ಕಛೇರಿ. ನಡುವೆ ಆಕೆ ಸೆನ್ನಾನನ್ನು ವೇದಿಕೆಗೆ ಕರೆಸಿಕೊಂಡಳು. ಪಕ್ಕದಲ್ಲಿ ನಿಲ್ಲಿಸಿಕೊಂಡು ತನ್ನ ಹೆಸರಾಂತ ಹಾಡು ‘ದಿ ಬೆಸ್ಟ್’ ಅನ್ನು ಅವನಿಗೇ ಹಾಡಿದಳು. ಗಂಟೆಗೆ ಮುನ್ನೂರು ಕಿಲೋಮೀಟರಿನಲ್ಲಿ ಬೆವರದ ಮನುಷ್ಯ ಅಲ್ಲಿ ನಾಚಿಕೊಂಡು ನಿಂತಿದ್ದ. ಅದು ಅವನ 41ನೆಯ ಗೆಲುವು, ಕೊನೆಯದು. ಆರು ತಿಂಗಳೊಳಗೆ, 1994ರ ಮೇ 1ರಂದು, ಇಮೋಲಾದಲ್ಲಿ ತೀರಿಕೊಂಡ.

ಅಲ್ಲಿ ಯಾರೂ ಯಾರನ್ನೂ ಬಲವಂತವಾಗಿ ಕುಣಿಸಲಿಲ್ಲ. ಓಟ ಮುಗಿದಿತ್ತು, ಗೆದ್ದವನು ಗೆದ್ದಿದ್ದ, ಆಮೇಲೆ ಹಾಡು. ಈ ಸಣ್ಣ ಕ್ರಮವನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಡವಟ್ಟಾದ ಕಡೆಯಲ್ಲೆಲ್ಲ ತಪ್ಪಿದ್ದು ಇದೇ.

| ಬಾಕ್ಸ್: ಸ್ಟೀರಿಂಗೂ ಶ್ರುತಿಯೂ |
ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಫಾರ್ಮುಲಾ ಒನ್ ಹುಚ್ಚಿನವರು. 1979ರ ಆಲ್ಬಮಿನಲ್ಲಿ ‘ಫಾಸ್ಟರ್’ ಎಂಬ ಹಾಡನ್ನು ರೇಸ್ ಚಾಲಕರಿಗಾಗಿಯೇ ಬರೆದರು.
ತಂಡದ ಒಡೆಯ ಎಡ್ಡಿ ಜೋರ್ಡನ್ ಡ್ರಮ್ಸ್ ಬಾರಿಸುತ್ತಿದ್ದರು, 1996ರ ಚಾಂಪಿಯನ್ ಡೇಮನ್ ಹಿಲ್ ಗಿಟಾರ್. ಸಿಲ್ವರ್‌ಸ್ಟೋನ್ ಪಂದ್ಯದ ಬೆನ್ನಿಗೆ ನಡೆಯುತ್ತಿದ್ದ ಇವರ ಮೋಜಿನ ಕಛೇರಿಗಳು ಬ್ರಿಟನ್ನಿನಲ್ಲಿ ಹೆಸರುವಾಸಿ.
ಫೆರಾರಿಯ ಷಾರ್ಲ್ ಲೆಕ್ಲೇರ್ ಪಿಯಾನೊ ನುಡಿಸುತ್ತಾರೆ. ಸ್ವಂತ ಸಂಯೋಜನೆಗಳನ್ನು 2023ರಿಂದ ಬಿಡುಗಡೆ ಮಾಡತೊಡಗಿದ್ದಾರೆ.

ಟೇಲರ್ ಸ್ವಿಫ್ಟ್ ಕಾಪಾಡಿದ ಟ್ರ್ಯಾಕು

2015ರ ಅಕ್ಟೋಬರ್, ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್, ಫಾರ್ಮುಲಾ ಒನ್ ಪಂದ್ಯ. ಚಂಡಮಾರುತದ ಬಾಲ ಬಡಿದು ಮೂರು ದಿನ ಸುರಿದೇ ಸುರಿಯಿತು. ಶನಿವಾರದ ಅರ್ಹತಾ ಸುತ್ತು ಭಾನುವಾರ ಬೆಳಿಗ್ಗೆಗೆ ಹೋಯಿತು. ಎಲ್ಟನ್ ಜಾನ್ ಕೆಸರಿನ ನಡುವೆಯೇ ಹಾಡಿ ಹೋದರು.

ಟ್ರ್ಯಾಕಿನ ಅಧ್ಯಕ್ಷ ಬಾಬಿ ಎಪ್ಸ್ಟೀನ್‌ಗೆ ಕಷ್ಟದ ಮೇಲೆ ಕಷ್ಟ. ಟೆಕ್ಸಾಸ್ ಸರ್ಕಾರ ಪಂದ್ಯಕ್ಕೆ ಕೊಡುತ್ತಿದ್ದ ಸುಮಾರು 2.5 ಕೋಟಿ ಡಾಲರ್ ನೆರವನ್ನು 1.95 ಕೋಟಿಗೆ ಇಳಿಸಿತು. ನಮ್ಮ ಕಥೆ ಮುಗಿದಂತೆಯೇ ಎಂಬರ್ಥದ ಮಾತನ್ನು, ಇದಕ್ಕಿಂತ ಒರಟಾಗಿ, ಆತ ಪತ್ರಕರ್ತರೆದುರೇ ಆಡಿದ. 2012ರಲ್ಲಿ, ಮೊದಲ ವರ್ಷ, ಮೂರು ದಿನಕ್ಕೆ 2.65 ಲಕ್ಷ ಜನ ಬಂದಿದ್ದರು. ಅದು ಇಳಿಯುತ್ತ ಇಳಿಯುತ್ತ 2015ರ ಮಳೆಯಲ್ಲಿ ಸುಮಾರು 2.24 ಲಕ್ಷಕ್ಕೆ ಬಂದಿತ್ತು.

ಎಪ್ಸ್ಟೀನ್ ಜೂಜಾಡಿದ. 2016ರ ಅಕ್ಟೋಬರ್ 22, ಶನಿವಾರ ರಾತ್ರಿ ಟೇಲರ್ ಸ್ವಿಫ್ಟ್. ಆ ವರ್ಷ ಆಕೆಯ ಪೂರ್ಣ ಪ್ರಮಾಣದ ಕಛೇರಿ ಅದೊಂದೇ. ಬೇರೆ ಟಿಕೆಟ್ ಇಲ್ಲ. ರೇಸ್ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಹದಿಹರೆಯದ ಹುಡುಗಿಯರು ಅಪ್ಪಂದಿರನ್ನು ಎಳೆದುಕೊಂಡು ಬಂದರೋ, ಅಪ್ಪಂದಿರೇ ಅದನ್ನು ನೆಪ ಮಾಡಿಕೊಂಡರೋ, ಶನಿವಾರ ರಾತ್ರಿ ವೇದಿಕೆಯ ಮುಂದೆ ಸುಮಾರು 80 ಸಾವಿರ ಮಂದಿ. ಮೂರು ದಿನದ ಒಟ್ಟು ಲೆಕ್ಕ ಹೆಚ್ಚುಕಡಿಮೆ 2.70 ಲಕ್ಷ, ಮೊದಲ ವರ್ಷಕ್ಕಿಂತಲೂ ಮೇಲೆ. ಭಾನುವಾರ ಲೂಯಿಸ್ ಹ್ಯಾಮಿಲ್ಟನ್ ಗೆದ್ದ. ಟ್ರ್ಯಾಕು ಉಳಿಯಿತು.

ಮುಂದಿನ ವರ್ಷ ಜಸ್ಟಿನ್ ಟಿಂಬರ್‌ಲೇಕ್, ಸ್ಟೀವಿ ವಂಡರ್. ಅದರ ಮುಂದೆ ಬ್ರೂನೊ ಮಾರ್ಸ್, ಬ್ರಿಟ್ನಿ ಸ್ಪಿಯರ್ಸ್. ಆಸ್ಟಿನ್ ಮಾದರಿಯಾಯಿತು.

ಆದರೆ ಇಲ್ಲೊಂದು ತೊಡಕಿದೆ, ಅದನ್ನು ಹೇಳದಿದ್ದರೆ ಗಾಯಕರಿಗೇ ಎಲ್ಲ ಕೀರ್ತಿ ಕೊಟ್ಟಂತಾಗುತ್ತದೆ. ಅದೇ ಟ್ರ್ಯಾಕಿಗೆ 2021ರಲ್ಲಿ ಸುಮಾರು 4 ಲಕ್ಷ ಜನ ಬಂದರು. ಆ ವರ್ಷ ಬಿಲ್ಲಿ ಜೋಯಲ್ ಹಾಡಿದ್ದರು, ನಿಜ. ಎಪ್ಪತ್ತು ದಾಟಿದ ಬಿಲ್ಲಿ ಜೋಯಲ್ ಟೇಲರ್ ಸ್ವಿಫ್ಟ್‌ಗಿಂತ ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದರು ಎಂದರೆ ಯಾರಾದರೂ ನಂಬುತ್ತಾರೆಯೇ? ನಡುವೆ ಆದದ್ದು ಬೇರೆ. 2019ರ ಮಾರ್ಚಿನಲ್ಲಿ ನೆಟ್‌ಫ್ಲಿಕ್ಸ್ ‘ಡ್ರೈವ್ ಟು ಸರ್ವೈವ್’ ಸರಣಿ ಬಿಟ್ಟಿತು. ಚಾಲಕರ ಜಗಳ, ಒಡೆಯರ ಕುತಂತ್ರ, ಹತ್ತನೆಯ ಸ್ಥಾನಕ್ಕಾಗಿ ಕಣ್ಣೀರು. ಆ ಮೇಲೆ 2021ರಲ್ಲಿ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವರ್‌ಸ್ಟಾಪನ್ ಕೊನೆಯ ಪಂದ್ಯದ ಕೊನೆಯ ಸುತ್ತಿನವರೆಗೂ ಕಾದಾಡಿದರು. ಸ್ವಿಫ್ಟ್ ಹಾಡು ಕೇಳಲು ಬಂದವಳಿಗೆ ಹ್ಯಾಮಿಲ್ಟನ್ ಯಾರೋ ಗೊತ್ತಿರಲಿಲ್ಲ. ಸರಣಿ ನೋಡಿದವಳಿಗೆ ಅವನ ನಾಯಿಯ ಹೆಸರೂ ಗೊತ್ತು. ಯಾರು ಮರುವರ್ಷ ಬರುತ್ತಾರೆ ಹೇಳಿ?

ಎಪ್ಪತ್ತರ ಮುದುಕನೂ ಇಪ್ಪತ್ತರ ಹುಡುಗಿಯೂ

ಇದಕ್ಕೆ ಮುಂಚೆ ಫಾರ್ಮುಲಾ ಒನ್ ಹೊಸ ಅಭಿಮಾನಿಗಳನ್ನು ಹುಡುಕುತ್ತಿತ್ತು ಎಂದುಕೊಳ್ಳಬೇಡಿ. ನಾಲ್ಕು ದಶಕ ಅದನ್ನು ಆಳಿದ ಬರ್ನಿ ಎಕಲ್‌ಸ್ಟನ್ 2014ರ ಸಂದರ್ಶನವೊಂದರಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ದ: ಹುಡುಗರಿಗೆ ಟ್ರ್ಯಾಕಿನ ಬದಿಯ ರೋಲೆಕ್ಸ್ ಜಾಹೀರಾತು ಕಂಡರೇನು, ಕೊಳ್ಳಲು ದುಡ್ಡೆಲ್ಲಿದೆ? ನನಗೆ ಕಾಸಿರುವ ಎಪ್ಪತ್ತರ ಮುದುಕ ಸಾಕು.

2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಇಡೀ ವ್ಯವಹಾರವನ್ನು ಕೊಂಡುಕೊಂಡಿತು. ಬರ್ನಿ ಹೊರಗೆ, ಪೊದೆಮೀಸೆಯ ಚೇಸ್ ಕೇರಿ ಒಳಗೆ. ವರ್ಷದ 21 ಪಂದ್ಯವೂ, ಅಮೆರಿಕನ್ ಫುಟ್‌ಬಾಲಿನ ಮಹಾ ಫೈನಲ್ಲಿನಂತೆ, 21 ಸೂಪರ್‌ಬೌಲ್ ಆಗಬೇಕು ಎಂಬುದು ಹೊಸ ಯಜಮಾನನ ಮಂತ್ರ. ಆ ವರ್ಷ ಆಸ್ಟಿನ್ನಿನಲ್ಲಿ ಬಾಕ್ಸಿಂಗ್ ಅಖಾಡದ ಘೋಷಕ ಮೈಕೆಲ್ ಬಫರ್ ಚಾಲಕರನ್ನು ಒಬ್ಬೊಬ್ಬರಾಗಿ ಕೂಗಿ ಕರೆದಾಗ, ಯುರೋಪಿನ ಹಳೆಯ ಅಭಿಮಾನಿಗಳು ಹಣೆ ಚಚ್ಚಿಕೊಂಡರು.

2023ರ ಮಯಾಮಿಯಲ್ಲಿ ಇನ್ನೊಂದು ಹೆಜ್ಜೆ. ವಿಲ್.ಐ.ಆಮ್ ಎಂಬ ಸಂಗೀತಗಾರ ವಾದ್ಯವೃಂದ ನಡೆಸಿದ, ಎಲ್ಎಲ್ ಕೂಲ್ ಜೆ ಒಬ್ಬೊಬ್ಬ ಚಾಲಕನನ್ನೂ ಹೊಗಳಿ ಕರೆದ. ಬೆಂಕಿ ನಿರೋಧಕ ಬಟ್ಟೆ ತೊಟ್ಟು, ಫ್ಲಾರಿಡಾದ ಬಿಸಿಲಲ್ಲಿ, ಓಟಕ್ಕೆ ಅರ್ಧ ಗಂಟೆ ಇರುವಾಗ! ಯಾವ ಚಾಲಕನಿಗೂ ಇದು ಇಷ್ಟವಿಲ್ಲ ಎಂದು ಲ್ಯಾಂಡೊ ನೋರಿಸ್ ನೇರವಾಗಿ ಹೇಳಿದ. ಹ್ಯಾಮಿಲ್ಟನ್ ಮಾತ್ರ ಹೊಸತನ್ನು ಮೆಚ್ಚಿ ಮಾತಾಡಿದ. ನನಗೆ ನೋರಿಸ್ ಹೇಳಿದ್ದೇ ಸರಿ ಎನಿಸುತ್ತದೆ. ಶಸ್ತ್ರಚಿಕಿತ್ಸೆಗೆ ಹೊರಟ ವೈದ್ಯನನ್ನು ಯಾರೂ ಬಾಗಿಲಲ್ಲಿ ನಿಲ್ಲಿಸಿ ಕುಣಿಸುವುದಿಲ್ಲ.

| ಬಾಕ್ಸ್: ಇಟ್ಟಿಗೆ ಕಾರಿನ ಮೆರವಣಿಗೆ |
2025ರ ಮಯಾಮಿಯಲ್ಲಿ ಅದೇ ಚಾಲಕರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಓಟಕ್ಕೆ ಮುಂಚಿನ ಮೆರವಣಿಗೆಗೆ ಲೆಗೊ ಇಟ್ಟಿಗೆಗಳಿಂದ ಕಟ್ಟಿದ, ನಿಜವಾಗಿ ಓಡುವ ಹತ್ತು ಕಾರು ಕೊಟ್ಟಿದ್ದರು. ತಂಡಕ್ಕೊಂದು, ಇಬ್ಬಿಬ್ಬರು ಸವಾರರು. ಒಂದೊಂದು ಕಾರಿಗೂ ಸುಮಾರು 4 ಲಕ್ಷ ಇಟ್ಟಿಗೆ. ವೇಗ ಗಂಟೆಗೆ 20 ಕಿಲೋಮೀಟರ್. ಲೋಕದ ಅತಿ ವೇಗದ ಚಾಲಕರು ಒಬ್ಬರಿಗೊಬ್ಬರು ಗುದ್ದಿಕೊಂಡು ಟ್ರ್ಯಾಕಿನ ತುಂಬ ಇಟ್ಟಿಗೆ ಚೆಲ್ಲಿದರು. ಆಟಗಾರರಿಗೇ ಆಟವಾದರೆ ಮನರಂಜನೆ ತಾನಾಗಿ ಹುಟ್ಟುತ್ತದೆ.

ವೇಗಸ್: ಮುಚ್ಚಳ ಎದ್ದ ರಾತ್ರಿ

ಜೂಜಿನ ನಗರಿಗೆ ಫಾರ್ಮುಲಾ ಒನ್ ಹೊಸದಲ್ಲ. 1981, 1982ರಲ್ಲಿ ಸೀಸರ್ಸ್ ಪ್ಯಾಲೆಸ್ ಹೋಟೆಲಿನ ಕಾರ್ ಪಾರ್ಕಿಂಗ್ ಜಾಗದಲ್ಲಿ ಪಂದ್ಯ ನಡೆಸಿ, ಜನ ಬಾರದೆ ಬಿಟ್ಟಿದ್ದರು. 2023ರ ನವೆಂಬರಿನಲ್ಲಿ ಬಂದದ್ದು ಬೇರೆಯದೇ ಗತ್ತು. ಈ ಸಲ ಸಂಘಟಕ ಲಿಬರ್ಟಿಯೇ. ಪಿಟ್ ಕಟ್ಟಡದ ಜಾಗಕ್ಕೇ 24 ಕೋಟಿ ಡಾಲರ್ ಸುರಿದಿತ್ತು. ಪ್ರಸಿದ್ಧ ಸ್ಟ್ರಿಪ್ ರಸ್ತೆ ಮುಚ್ಚಿ, ಸ್ಫಿಯರ್ ಎಂಬ ಬೆಳಕಿನ ಗೋಳದ ಸುತ್ತ ಟ್ರ್ಯಾಕು.

ಬುಧವಾರ ರಾತ್ರಿ ಉದ್ಘಾಟನೆ. ಕೈಲಿ ಮಿನೋಗ್, ಜಾನ್ ಲೆಜೆಂಡ್, ಜೆ ಬಾಲ್ವಿನ್, ಕೀತ್ ಅರ್ಬನ್ ಹೀಗೆ ಸಾಲುಸಾಲು ಗಾಯಕರು. ಚಾಲಕರು ಜೋಡಿಜೋಡಿಯಾಗಿ ಮೇಲೇಳುವ ವೇದಿಕೆಗಳ ಮೇಲೆ, ಬೆಳಕಿನ ಮಳೆಯಲ್ಲಿ, ಕೈಬೀಸುತ್ತ ಕಾಣಿಸಿಕೊಂಡರು. ಅಷ್ಟರಲ್ಲಾಗಲೇ ಮೂರನೆಯ ಸಲ ಚಾಂಪಿಯನ್ ಆಗಿದ್ದ ವರ್‌ಸ್ಟಾಪನ್ ಕೆಳಗಿಳಿದು ಬಂದು ಉಗಿದ. ತೊಂಬತ್ತೊಂಬತ್ತು ಪಾಲು ಪ್ರದರ್ಶನ, ಒಂದು ಪಾಲು ಕ್ರೀಡೆ. ಅಲ್ಲಿ ನಿಂತರೆ ಕೋಡಂಗಿಯಂತೆ ಕಾಣುತ್ತೇವೆ ಎಂದ.

ಗುರುವಾರ ರಾತ್ರಿ ಅಭ್ಯಾಸ ಶುರುವಾಗಿ ಹತ್ತು ನಿಮಿಷವೂ ಕಳೆದಿರಲಿಲ್ಲ. ರಸ್ತೆಯ ನೀರಿನ ಕವಾಟದ ಕಬ್ಬಿಣದ ಮುಚ್ಚಳ ಎದ್ದು ಕಾರ್ಲೋಸ್ ಸೈನ್ಸ್‌ನ ಫೆರಾರಿಯ ಹೊಟ್ಟೆ ಸೀಳಿತು. ಕೋಟ್ಯಂತರ ಡಾಲರಿನ ವೈಭವಕ್ಕೆ ಬೀದಿಯ ಮುಚ್ಚಳ ಅಡ್ಡ ಬಂತು! ರಿಪೇರಿ ಮಾಡಿ ಎರಡನೆಯ ಅಭ್ಯಾಸ ಶುರು ಮಾಡುವಾಗ ಬೆಳಗಿನ ಜಾವ ಎರಡೂವರೆ. ಅಷ್ಟು ಹೊತ್ತಿಗೆ ಟಿಕೆಟ್ ಕೊಂಡವರನ್ನೆಲ್ಲ ಹೊರಗೆ ಕಳಿಸಿಯಾಗಿತ್ತು. ಆ ಒಂದು ದಿನದ ಟಿಕೆಟ್ ಇದ್ದವರಿಗೆ ಸಿಕ್ಕ ಸಮಾಧಾನ, ಟಿ-ಶರ್ಟು ಟೋಪಿ ಕೊಳ್ಳಲು 200 ಡಾಲರಿನ ಕೂಪನ್. ತಪ್ಪು ತನ್ನದಲ್ಲದ ಸೈನ್ಸ್‌ಗೆ ಬಿಡಿಭಾಗ ಬದಲಿಸಿದ್ದಕ್ಕೆ ಹತ್ತು ಸ್ಥಾನ ಹಿಂದೆ ನಿಲ್ಲುವ ಶಿಕ್ಷೆ.

ಶನಿವಾರ ರಾತ್ರಿ ನಡೆದ ಪಂದ್ಯ ಮಾತ್ರ ಆ ವರ್ಷದ ಒಳ್ಳೆಯ ಓಟಗಳಲ್ಲೊಂದು. ಕೊನೆಯ ಸುತ್ತಿನಲ್ಲಿ ಲೆಕ್ಲೇರ್ ಪೆರೆಜ್‌ನನ್ನು ಹಿಂದಿಕ್ಕಿ ಎರಡನೆಯವನಾದ. ಗೆದ್ದವನು? ಅದೇ ವರ್‌ಸ್ಟಾಪನ್, ಎಲ್ವಿಸ್ ಪ್ರೀಸ್ಲಿಯ ಶೈಲಿಯ ರೇಸ್ ಉಡುಪಿನಲ್ಲಿ. ಗೆದ್ದ ಮೇಲೆ ರೇಡಿಯೊದಲ್ಲಿ ವೇಗಸ್ ಹಾಡು ಗುನುಗಿದ. ಓಟ ಮುಗಿದಿತ್ತಲ್ಲ!

ಅವನ ಟೀಕೆಯಲ್ಲಿ ಒಂದು ಮಾತು ಗದ್ದಲದಲ್ಲಿ ಕಳೆದುಹೋಯಿತು. ಜನಕ್ಕೆ ಟ್ರ್ಯಾಕಿನ ಸುತ್ತ ಮಾಡಲು ಏನಾದರೂ ಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೆ ನಾವು ಮಾಡುತ್ತಿರುವುದೇನು ಎಂದು ಅವರಿಗೆ ತಿಳಿಸಿಕೊಡುವುದು ಅದಕ್ಕಿಂತ ಮುಖ್ಯ ಎಂದಿದ್ದ. ಇಡೀ ಚರ್ಚೆಯಲ್ಲಿ ಇದಕ್ಕಿಂತ ಬುದ್ಧಿವಂತಿಕೆಯ ಮಾತು ಇನ್ನೊಂದಿಲ್ಲ.

ರೇಸ್ ನೋಡದ ರೇಸ್ ಪ್ರೇಕ್ಷಕರು

ಇದರ ತುತ್ತತುದಿ ನೋಡಬೇಕಾದರೆ ಇಂಡಿಯಾನಾಪೊಲಿಸ್‌ಗೆ ಹೋಗಬೇಕು. ಮೇ ತಿಂಗಳ ಕೊನೆಯತ್ತ ಭಾನುವಾರ ನಡೆಯುವ ಇಂಡಿ 500 ಪಂದ್ಯ. ಮೂರನೆಯ ತಿರುವಿನ ಒಳಗಿನ ಬಯಲಿಗೆ ‘ಸ್ನೇಕ್ ಪಿಟ್’ ಎಂದು ಹೆಸರು. ಬೆಳಗಾಗುತ್ತಲೇ ಡಿಜೆ ಸಂಗೀತ ಶುರು. ಸ್ಕ್ರಿಲೆಕ್ಸ್, ಮಾರ್ಟಿನ್ ಗ್ಯಾರಿಕ್ಸ್‌ರಂಥವರು ಬಂದು ಹೋಗಿದ್ದಾರೆ. ಸುಮಾರು 30 ಸಾವಿರ ಯುವಕ ಯುವತಿಯರು ಕುಣಿಯುತ್ತಾರೆ. ಮಧ್ಯಾಹ್ನ ಪಂದ್ಯ ಶುರುವಾಗುತ್ತದೆ, ಸಂಗೀತ ನಿಲ್ಲುವುದಿಲ್ಲ. ಅವರ ಸುತ್ತಲೂ 33 ಕಾರುಗಳು ಗಂಟೆಗೆ 350 ಕಿಲೋಮೀಟರಿನಲ್ಲಿ ಗಿರಕಿ ಹೊಡೆಯುತ್ತಿರುತ್ತವೆ. ಬಹಳ ಜನ ಒಂದು ಕಾರನ್ನೂ ನೋಡದೆ ಮನೆಗೆ ಹೋಗುತ್ತಾರೆ.

ಎಪ್ಪತ್ತರ ದಶಕದಲ್ಲಿ ಇದೇ ಹೆಸರಿನ ಜಾಗ ಮೊದಲನೆಯ ತಿರುವಿನಲ್ಲಿತ್ತು: ಕೆಸರು, ಕುಡಿತ, ಹೊಡೆದಾಟ. ಆಡಳಿತ ಅದನ್ನು ಬಗ್ಗುಬಡಿದು ಮುಚ್ಚಿಸಿತ್ತು. ಈಗ ಅದನ್ನೇ ಬೇಲಿ ಹಾಕಿ, ಪ್ರತ್ಯೇಕ ಟಿಕೆಟ್ ಇಟ್ಟು ಮಾರುತ್ತಿದೆ. ಹಳೆಯ ಅಭಿಮಾನಿಗಳು ಗೊಣಗುತ್ತಾರೆ. ನನಗೇನೋ ಇದರಲ್ಲಿ ಆಕ್ಷೇಪ ಕಾಣುವುದಿಲ್ಲ. ಚಾಲಕನ ತಂಟೆಗೆ ಹೋಗಿಲ್ಲ, ನೋಡುವವನ ಕಣ್ಣಿಗೆ ಅಡ್ಡ ಬಂದಿಲ್ಲ. ಆದರೆ ಇದನ್ನು ಹೊಸ ಅಭಿಮಾನಿಗಳ ಸೃಷ್ಟಿ ಎಂದು ಮಾತ್ರ ಕರೆಯಬಾರದು. ಅದು ಮೈದಾನದ ಬಾಡಿಗೆ.

ನಡುದಾರಿ ಹಿಡಿದವರು ಸಿಂಗಪುರದವರು. 2008ರ ಸೆಪ್ಟೆಂಬರ್ 28ರಂದು ಫಾರ್ಮುಲಾ ಒನ್‌ನ ಮೊದಲ ರಾತ್ರಿ ಪಂದ್ಯ ನಡೆದದ್ದು ಅಲ್ಲಿನ ಬೀದಿಗಳಲ್ಲಿ. ರಾತ್ರಿ ಎಂಟಕ್ಕೆ ಓಟ. ಮುಗಿಯುತ್ತಿದ್ದಂತೆ ಬೇಲಿ ತೆರೆದು, ಕಾರು ಓಡಿದ ಡಾಂಬರಿನ ಮೇಲೇ ಜನ ಪಡಾಂಗ್ ಮೈದಾನದ ವೇದಿಕೆಯತ್ತ ನಡೆಯುತ್ತಾರೆ. ಷಕೀರಾ, ರಿಹಾನಾ, ಕ್ವೀನ್, ಎಲ್ಟನ್ ಜಾನ್ ಹಾಡಿದ ವೇದಿಕೆ. ಮೊದಲು ಓಟ, ಆಮೇಲೆ ಹಾಡು. ಕಾಲ್ನಡಿಗೆಯ ದೂರದಲ್ಲಿ ಮೆಟ್ರೊ. ಎಲ್ಲಿ ಕಾಸು ಕೀಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಆ ಪುಟ್ಟ ದೇಶಕ್ಕೆ ಗೊತ್ತು.

| ಬಾಕ್ಸ್: ಪಡಾಂಗಿನ ಇನ್ನೊಂದು ನೆನಪು |
ರೇಸ್ ಪ್ರೇಕ್ಷಕರು ಕುಣಿಯುವ ಇದೇ ಪಡಾಂಗ್ ಮೈದಾನದಲ್ಲಿ 1943ರ ಜುಲೈ 5ರಂದು ಸುಭಾಷ್‌ಚಂದ್ರ ಬೋಸರು ಆಜಾದ್ ಹಿಂದ್ ಸೇನೆಯ ಕವಾಯತು ವೀಕ್ಷಿಸಿ, ದೆಹಲಿಯತ್ತ ನಡೆಯಲು ಕರೆ ಕೊಟ್ಟಿದ್ದರು.

ಕ್ರೀಡೆಯಲ್ಲ, ಮನರಂಜನೆ: ದೆಹಲಿಯ ತೀರ್ಮಾನ

ವರ್‌ಸ್ಟಾಪನ್ 2023ರಲ್ಲಿ ಹೇಳಿದ್ದನ್ನು ನಮ್ಮ ಕೇಂದ್ರ ಕ್ರೀಡಾ ಸಚಿವಾಲಯ 2009ರಲ್ಲೇ ಹೇಳಿತ್ತು! ಭಾರತಕ್ಕೆ ಪಂದ್ಯ ತರಲು ಹೊರಟ ಸಂಘಟಕರು ವಿದೇಶಕ್ಕೆ ಶುಲ್ಕ ಕಟ್ಟಲು ಅನುಮತಿ ಕೇಳಿದರೆ, ಫಾರ್ಮುಲಾ ಒನ್ ಶುದ್ಧ ಕ್ರೀಡೆಯಲ್ಲ, ಲಾಭಕ್ಕಾಗಿ ನಡೆಸುವ ಮನರಂಜನೆ ಎಂದು ಸಚಿವಾಲಯ ಕೈಚೆಲ್ಲಿತು.

ಹೇಗೋ ಗ್ರೇಟರ್ ನೋಯ್ಡಾದಲ್ಲಿ ಬುದ್ಧ ಸರ್ಕ್ಯೂಟ್ ಎದ್ದಿತು. ಮನರಂಜನೆ ಎಂದ ಮೇಲೆ ಮನರಂಜನಾ ತೆರಿಗೆ ಬೇಡವೇ? ಉತ್ತರ ಪ್ರದೇಶ ಸರ್ಕಾರ ವಿನಾಯಿತಿ ಕೊಟ್ಟಿತು, ಅದರ ವಿರುದ್ಧ ಅರ್ಜಿ ಬಿತ್ತು. ಪಂದ್ಯಕ್ಕೆ ಒಂಬತ್ತು ದಿನ ಇರುವಾಗ, 2011ರ ಅಕ್ಟೋಬರ್ 21ರಂದು, ಟಿಕೆಟ್ ಹಣದ ಕಾಲು ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಡುವಂತೆ ಸುಪ್ರೀಂ ಕೋರ್ಟ್ ಹೇಳಿತು.

ಅಕ್ಟೋಬರ್ 28, ಶುಕ್ರವಾರ. ಬೆಳಿಗ್ಗೆ ಮೊದಲ ಅಭ್ಯಾಸಕ್ಕೆ ಬೀದಿನಾಯಿಯೊಂದು ಟ್ರ್ಯಾಕಿಗೆ ಬಂದು ಕೆಂಪು ಬಾವುಟ ಹಾರಿಸಿತು. ಸಂಜೆ ಗುರುಗ್ರಾಮದಲ್ಲಿ ಪಂದ್ಯಕ್ಕೆ ಹೊಂದಿಸಿಕೊಂಡಿದ್ದ ಮೆಟಾಲಿಕಾ ಕಛೇರಿ. ಬೇಲಿ ಕುಸಿಯಿತು, ಕಾರ್ಯಕ್ರಮ ಮುಂದಕ್ಕೆ ಹೋಗಿದೆ ಎಂದು ಸಾರಿದರು, ಜನ ವೇದಿಕೆಗೆ ನುಗ್ಗಿ ಸಿಕ್ಕಿದ್ದನ್ನು ಮುರಿದರು. ಕಛೇರಿ ರದ್ದಾಯಿತು. ಆಯೋಜಕರ ಕಡೆಯವರನ್ನು ಪೊಲೀಸರು ಹಿಡಿದರು.

ಅಕ್ಟೋಬರ್ 30, ಭಾನುವಾರ. ನೋಯ್ಡಾದಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ ಭಾರತದ ಮೊದಲ ಗ್ರ್ಯಾನ್ ಪ್ರಿ ಗೆದ್ದ. ಅದೇ ಸಂಜೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಹಾಡಿತು, ಸಾವಿರಾರು ಕಪ್ಪು ಟಿ-ಶರ್ಟುಗಳ ಮುಂದೆ, ಯಾವ ತಂಟೆ ತಕರಾರಿಲ್ಲದೆ. ರೇಸ್ ಒಂದೂರಲ್ಲಿ, ರಾಕ್ ಇನ್ನೊಂದೂರಲ್ಲಿ! ರಾತ್ರಿ ನೋಯ್ಡಾದ ಔತಣಕೂಟಕ್ಕೆ ಲೇಡಿ ಗಾಗಾ ಬಂದಳು, ಆದರೆ ಅದು ಆಹ್ವಾನಿತರಿಗೆ.

ಮೊದಲ ವರ್ಷ ಸುಮಾರು 95 ಸಾವಿರ ಜನ ನೋಡಿದ ಪಂದ್ಯ 2013ರ ಹೊತ್ತಿಗೆ ಸೊರಗಿತ್ತು. ಮೂರು ಸಲವೂ ವೆಟ್ಟೆಲ್ಲೇ ಗೆದ್ದ. ತೆರಿಗೆ, ಸುಂಕದ ಜಗ್ಗಾಟಕ್ಕೆ ಬೇಸತ್ತು ಫಾರ್ಮುಲಾ ಒನ್ ಹೊರಟುಹೋಯಿತು. ಹಾಡು ಸಾಲದೆ ಅದು ಸೋಲಲಿಲ್ಲ. ಗೆಲ್ಲುವವರಲ್ಲಿ ನಮ್ಮವರೆಂದು ಕೂಗಲು ಯಾರೂ ಇರಲಿಲ್ಲ, ನಡೆಯುತ್ತಿರುವುದೇನೆಂದು ಹೇಳಿಕೊಡುವವರೂ ಇರಲಿಲ್ಲ.

ಬೆಂಗಳೂರಿಗೆ ಆ ಕಾರಿನ ರುಚಿ ಗೊತ್ತಿಲ್ಲವೆಂದಲ್ಲ. ಅದೇ 2011ರ ಸೆಪ್ಟೆಂಬರಿನಲ್ಲಿ ಹ್ಯಾಮಿಲ್ಟನ್ ಇಲ್ಲಿನ ನೈಸ್ ರಸ್ತೆಯಲ್ಲಿ ಮೆಕ್ಲಾರೆನ್ ಓಡಿಸಿ, ನಿಂತಲ್ಲೇ ಗಿರಗಿರನೆ ತಿರುಗಿಸಿ, ಟೈರ್ ಸುಟ್ಟ ಹೊಗೆ ಎಬ್ಬಿಸಿದ್ದ. ಸ್ಪರ್ಧೆ ಇರಲಿಲ್ಲ, ಎದುರಾಳಿ ಇರಲಿಲ್ಲ. ಸಾವಿರಾರು ಜನ ಬಿಸಿಲಲ್ಲಿ ಮುಗಿಬಿದ್ದಿದ್ದರು.

ಈಗ ಸುದೀಪ್ ಸರದಿ. ‘ಕಿಚ್ಚಾಸ್ ಕಿಂಗ್ಸ್ ಬೆಂಗಳೂರು’ ಎಂಬುದು ತಂಡದ ಹೆಸರು. ಹೈದರಾಬಾದಿಗೆ ನಾಗ ಚೈತನ್ಯ, ಗೋವಾಕ್ಕೆ ಜಾನ್ ಅಬ್ರಹಾಂ, ಕೋಲ್ಕತ್ತಾಕ್ಕೆ ಸೌರವ್ ಗಂಗೂಲಿ. ತಾರೆಯ ಹೆಸರಿಗೆ ಜನ ಬರುತ್ತಾರೆ, ಅದರಲ್ಲಿ ಅನುಮಾನ ಬೇಡ. ತಮಿಳಿನ ಅಜಿತ್ ಕುಮಾರ್ ಒಡೆತನಕ್ಕೆ ನಿಲ್ಲದೆ ತಾವೇ ಸ್ಟೀರಿಂಗ್ ಹಿಡಿದು, 2025ರ ಜನವರಿಯಲ್ಲಿ ದುಬೈನ 24 ಗಂಟೆ ಪಂದ್ಯದಲ್ಲಿ ಅವರ ತಂಡ ತನ್ನ ವರ್ಗದಲ್ಲಿ ಮೂರನೆಯದಾದಾಗ, ಆ ಮರಳುನಾಡಿನ ಟ್ರ್ಯಾಕಿನ ಬದಿ ಸಿನಿಮಾ ಬಿಡುಗಡೆಯ ದಿನದ ಥಿಯೇಟರಿನಂತಾಗಿತ್ತು.

ಆದರೆ ಸುದೀಪ್‌ಗಾಗಿ ಬಂದವನಿಗೆ ಈ ಲೀಗಿನ ಸ್ವಾರಸ್ಯ ಯಾರು ಹೇಳುತ್ತಾರೆ? ಎಲ್ಲ ತಂಡಕ್ಕೂ ಒಂದೇ ಮಾದರಿಯ ಇಟಲಿಯ ವುಲ್ಫ್ ಕಾರು. ಹೆಚ್ಚು ದುಡ್ಡಿದ್ದವನಿಗೆ ಹೆಚ್ಚು ವೇಗ ಎಂಬ ಮಾತಿಲ್ಲ. ಪ್ರತಿ ತಂಡಕ್ಕೆ ನಾಲ್ವರು ಚಾಲಕರು, ಅವರಲ್ಲಿ ಒಬ್ಬಳು ಹೆಣ್ಣುಮಗಳು ಇರಲೇಬೇಕು. ಅವಳೂ ಗಂಡಸರ ಜೊತೆ, ಅದೇ ಟ್ರ್ಯಾಕಿನಲ್ಲಿ, ಅದೇ ಕಾರಿನಲ್ಲಿ ಓಡಿಸುತ್ತಾಳೆ. ಇಂಥದ್ದನ್ನು ಟ್ರ್ಯಾಕಿನ ಮೈಕಿನಲ್ಲಿ ಕನ್ನಡದಲ್ಲಿ, ಕಾರು ಕಣ್ಮರೆಯಾದ ಆ ಒಂದೂವರೆ ನಿಮಿಷದಲ್ಲಿ, ಯಾರು ಯಾರ ಬೆನ್ನಟ್ಟಿದ್ದಾರೆ ಎಂದು ಬಿಡಿಸಿ ಹೇಳುವವನೊಬ್ಬ ಬೇಕು. ಡಿಜೆಗೆ ಕೊಡುವ ಸಂಭಾವನೆಯಲ್ಲಿ ಹತ್ತರಲ್ಲೊಂದು ಪಾಲು ಕೊಟ್ಟರೂ ಅಂಥವನು ಸಿಕ್ಕಾನು.